ಹೆಸರಿಲ್ಲದ ಡಬ್ಬಿಗೆ ಕಾರ್ಯಾಗಾರದಲ್ಲಿ ಜಾಗವಿರಬಾರದು

ಮಾನ್ಯ ಸಂಪಾದಕರೇ,

ಹತ್ತಾರು ಜನ ಕೂಡಿ ಉಪಕರಣಗಳನ್ನು ಹಂಚಿಕೊಂಡು ಮರಗೆಲಸ, ವೆಲ್ಡಿಂಗ್, ಬಣ್ಣದ ಕೆಲಸ, ಎಲೆಕ್ಟ್ರಾನಿಕ್ಸ್ ದುರಸ್ತಿ ಮುಂತಾದವನ್ನು ಮಾಡುವ ಸಮುದಾಯ ಕಾರ್ಯಾಗಾರಗಳಲ್ಲಿ ಅಪಾಯಕಾರಿ ವಸ್ತುಗಳ ಬಳಕೆಗೆ ಇರಬೇಕಾದ ನಿಯಮಗಳ ಬಗ್ಗೆ ತಮ್ಮ ಓದುಗರ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ. ಅಂಥ ಒಂದು ಕಾರ್ಯಾಗಾರದಲ್ಲಿ ನಾನು ಹಲವು ವರ್ಷಗಳಿಂದ ಸದಸ್ಯನಾಗಿದ್ದೇನೆ. ಗರಗಸದ ಯಂತ್ರಕ್ಕೆ, ಲೇತ್‌ಗೆ ಹೊಸಬರೆಲ್ಲ ಹೆದರುತ್ತಾರೆ ಮತ್ತು ಹೇಳಿಸಿಕೊಳ್ಳದೆ ಅವುಗಳ ಹತ್ತಿರ ಹೋಗುವುದಿಲ್ಲ. ಕಪಾಟಿನಲ್ಲಿರುವ, ಬಣ್ಣ ತೆಳುಗೊಳಿಸುವ ಥಿನ್ನರ್ ಡಬ್ಬಿಯನ್ನು ಮಾತ್ರ ಯಾರನ್ನೂ ಕೇಳದೆ ತೆಗೆದುಕೊಳ್ಳುತ್ತಾರೆ. ನಾನು ಕಂಡ ದೊಡ್ಡ ಅಪಾಯಗಳು ಬಂದದ್ದು ಯಂತ್ರಗಳ ಕಡೆಯಿಂದಲ್ಲ, ಆ ಕಪಾಟಿನ ಕಡೆಯಿಂದ.

ಒಂದು ಸಂಜೆ ನಡೆದದ್ದನ್ನು ಹೇಳುತ್ತೇನೆ. ಕೆಲಸದ ಮೇಜಿನ ಮೇಲೆ ಕುಡಿಯುವ ನೀರಿನ ಬಾಟಲಿಯೊಂದಿತ್ತು, ಅದರಲ್ಲಿ ನಾಲ್ಕು ಬೆರಳಿನಷ್ಟು ತಿಳಿಯಾದ ದ್ರವವಿತ್ತು. ಸೇರಿ ವಾರವೂ ಆಗಿರದ ಯುವಕನೊಬ್ಬ ಕೆಲಸದ ನಡುವೆ ಬಾಯಾರಿ ಅದರ ಮುಚ್ಚಳ ತಿರುಗಿಸಿದ. ಬಾಟಲಿ ತುಟಿಯವರೆಗೆ ಹೋದಾಗ ಮೂಗಿಗೆ ಘಾಟು ಹೊಡೆದದ್ದರಿಂದ ಅವನು ಬಚಾವಾದ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಅದರ ತಳ ಮಬ್ಬಾಗಿ ಬಿಳಿಚಿಕೊಂಡಿತ್ತು, ಒಳಗಿದ್ದ, ಬಣ್ಣ ಕರಗಿಸುವ ದ್ರಾವಕವಾದ ಅಸಿಟೋನ್ ಪ್ಲಾಸ್ಟಿಕ್ಕನ್ನು ಕೆಡಿಸುತ್ತಾ ಬಂದಿತ್ತು. ಬ್ರಷ್ಷು ತೊಳೆಯಲು ಅನುಕೂಲವಾಗಲೆಂದು ಅದನ್ನು ದೊಡ್ಡ ಡಬ್ಬಿಯಿಂದ ಸುರಿದಿಟ್ಟವರು ನಮ್ಮಲ್ಲಿಯೇ ಅತ್ಯಂತ ಅನುಭವಸ್ಥರು, ಕೆಲಸದಲ್ಲಿ ಶಿಸ್ತಿನವರು. ಅದರಲ್ಲಿ ಏನಿದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಆದರೆ ಆ ಹೊತ್ತಿಗೆ ಅವರು ಮನೆಗೆ ಹೋಗಿಯಾಗಿತ್ತು.

ಸಾಮಾನ್ಯ ಕಾರ್ಯಾಗಾರದ ನಿಯಮಗಳ ಬಗ್ಗೆ ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲಿಯೇ ಇದೆ. ಸ್ವಂತ ಮನೆಯ ಹಿತ್ತಲಲ್ಲಿ ಒಬ್ಬರೇ ಕೆಲಸ ಮಾಡುವವರಿಗೆ ಯಾವ ಡಬ್ಬಿಯಲ್ಲಿ ಏನಿದೆ ಎಂಬ ನೆನಪೇ ಅರ್ಧ ರಕ್ಷಣೆ. ಹಲವರು ಬಂದುಹೋಗುವ ಜಾಗದಲ್ಲಿ ಆ ನೆನಪು ಅವರ ಜೊತೆಯಲ್ಲೇ ಹೊರಟುಹೋಗುತ್ತದೆ, ವಸ್ತು ಮಾತ್ರ ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ನಿಯಮಗಳನ್ನು ಬಳಸುವವರ ಜಾಣತನವನ್ನು ನಂಬಿ ಬರೆಯದೆ, ಅವರ ನಂತರ ಏನೂ ತಿಳಿಯದೆ ಬರುವ ವ್ಯಕ್ತಿಯನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆಯಬೇಕು.

ಹೀಗಾಗಿ ಮೊದಲ ನಿಯಮ ಡಬ್ಬಿಯ ಮೇಲಿನ ಚೀಟಿಯದು. ವಸ್ತುವಿನ ಹೆಸರು, ಅದರ ಅಪಾಯ, ತಂದವರ ಹೆಸರು, ಮುಚ್ಚಳ ತೆರೆದ ದಿನಾಂಕ, ಈ ನಾಲ್ಕೂ ಇಲ್ಲದ ಯಾವ ಡಬ್ಬಿಯೂ ಅರ್ಧ ಗಂಟೆಯ ಮಟ್ಟಿಗೆ ಕೂಡ ಮೇಜಿನ ಮೇಲೆ ಇರಬಾರದು. ತಿನ್ನುವ ಕುಡಿಯುವ ಪದಾರ್ಥಗಳ ಡಬ್ಬಿ ಬಾಟಲಿಗಳಲ್ಲಿ ರಾಸಾಯನಿಕ ತುಂಬುವುದನ್ನು ಪೂರ್ತಿಯಾಗಿ ನಿಷೇಧಿಸಬೇಕು. ಹೆಸರಿಲ್ಲದ್ದು ಸಿಕ್ಕರೆ ಮೂಸಿ ನೋಡಿ ಊಹಿಸುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಅದನ್ನು ಬಿಟ್ಟು, ಅತ್ಯಂತ ಅಪಾಯಕಾರಿ ವಸ್ತುವೆಂದೇ ತಿಳಿದು ಪ್ರತ್ಯೇಕವಾಗಿ ಇಡಬೇಕು. ಅಪಾಯವನ್ನು ಸೂಚಿಸಲು ನಾವೇ ಹೊಸ ಗುರುತುಗಳನ್ನು ಕಂಡುಹಿಡಿಯಬೇಕಾಗಿಲ್ಲ. ವಿಶ್ವಸಂಸ್ಥೆ 2003ರಲ್ಲಿ ಪ್ರಕಟಿಸಿದ ಜಾಗತಿಕ ಪದ್ಧತಿಯಲ್ಲಿ ಕೆಂಪು ಅಂಚಿನ ವಜ್ರಾಕಾರದೊಳಗಿನ 9 ಚಿತ್ರಗಳಿವೆ. ಜ್ವಾಲೆಯ ಚಿತ್ರವಿದ್ದರೆ ಹೊತ್ತಿಕೊಳ್ಳುವ ವಸ್ತು, ವೃತ್ತದ ಮೇಲೆ ಜ್ವಾಲೆಯಿದ್ದರೆ ಬೇರೆ ವಸ್ತುವಿನ ಬೆಂಕಿಯನ್ನು ಹೆಚ್ಚಿಸುವ ಆಕ್ಸಿಡೈಸರ್. ಈ ಎರಡನ್ನು ಒಂದೇ ಕಪಾಟಿನಲ್ಲಿ ಇಡಬಾರದು ಎಂಬುದು ಓದು ಬಾರದವರಿಗೂ ಚಿತ್ರ ನೋಡಿದರೆ ತಿಳಿಯುವಂತೆ ಮಾಡಬಹುದು. ಇದೇ ಪದ್ಧತಿಯಂತೆ ಪ್ರತಿ ಅಪಾಯಕಾರಿ ರಾಸಾಯನಿಕಕ್ಕೂ 16 ವಿಭಾಗಗಳ ಸುರಕ್ಷತಾ ಮಾಹಿತಿ ಪತ್ರ ಇರುತ್ತದೆ. ಎಲ್ಲವನ್ನೂ ಎಲ್ಲರೂ ಓದಲಿ ಎಂದು ನಾನು ಹೇಳುವುದಿಲ್ಲ. ಪ್ರಥಮ ಚಿಕಿತ್ಸೆಯ 4ನೆಯ ವಿಭಾಗ, ಬೆಂಕಿ ನಂದಿಸುವ 5ನೆಯದು, ಇಡುವ ಬಗೆಯ 7ನೆಯದು, ಕೈಗವಸು ಮುಖಗವಸುಗಳ 8ನೆಯದು, ಯಾವುದರ ಜೊತೆ ಸೇರಬಾರದೆಂದು ತಿಳಿಸುವ 10ನೆಯದು, ಇಷ್ಟನ್ನು ವಸ್ತು ತರುವವರು ಓದಿ ಸಹಿ ಮಾಡಿ, ಕಾಗದವನ್ನು ಬಾಗಿಲ ಬಳಿಯ ಕಡತದಲ್ಲಿ ಇಟ್ಟ ಮೇಲೆಯೇ ಅದು ಒಳಗೆ ಬರಬೇಕು.

ಎರಡನೆಯದು ಎಣ್ಣೆ ಒರೆಸಿದ ಬಟ್ಟೆಯ ವಿಚಾರ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮರಗೆಲಸದಲ್ಲಿ ನುರಿತವರು ಕೂಡ ಇದನ್ನು ನಂಬುವುದಿಲ್ಲ. ಮರಕ್ಕೆ ಹಚ್ಚುವ ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಅದು ಗಾಳಿಯಲ್ಲಿರುವ ಆಮ್ಲಜನಕದ ಜೊತೆ ಕೂಡಿಕೊಂಡು ಗಟ್ಟಿಯಾಗುತ್ತದೆ, ಹಾಗೆ ಕೂಡುವಾಗ ಶಾಖ ಹುಟ್ಟುತ್ತದೆ. ಹಲಗೆಯ ಮೇಲೆ ತೆಳುವಾಗಿ ಹರಡಿದಾಗ ಆ ಶಾಖ ಗಾಳಿಗೆ ಹೋಗುತ್ತದೆ. ಅದೇ ಎಣ್ಣೆ ಹಿಡಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಶಾಖ ಒಳಗೇ ಉಳಿಯುತ್ತದೆ, ಶಾಖ ಹೆಚ್ಚಿದಷ್ಟೂ ಎಣ್ಣೆ ಇನ್ನೂ ಬೇಗ ಆಮ್ಲಜನಕವನ್ನು ಹೀರುತ್ತದೆ, ಕೆಲವೇ ಗಂಟೆಗಳಲ್ಲಿ ಕಿಡಿಯ ಸಹಾಯವೇ ಇಲ್ಲದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಅಮೆರಿಕದ ಫಿಲಡೆಲ್ಫಿಯಾ ನಗರದ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಅಂತಸ್ತಿನ ಕಟ್ಟಡದಲ್ಲಿ 1991ರ ಫೆಬ್ರವರಿ 23ರ ರಾತ್ರಿ ಬೆಂಕಿ ಹುಟ್ಟಿದ್ದು ಹೀಗೆ, ಮರದ ಹಲಗೆಗಳನ್ನು ಒರೆಸಿ ಬಿಟ್ಟುಹೋಗಿದ್ದ ಅಗಸೆ ಎಣ್ಣೆಯ ಬಟ್ಟೆಗಳಿಂದ. ಅದನ್ನು ಆರಿಸಲು ಹೋದ ಮೂವರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು.

ನಮ್ಮಲ್ಲಿಯೂ ಒಂದು ಬೆಳಿಗ್ಗೆ ಬಾಗಿಲು ತೆರೆದಾಗ ಕಮಟು ವಾಸನೆ ಬಂತು. ಹುಡುಕಿದರೆ ಕಸದ ಪ್ಲಾಸ್ಟಿಕ್ ಚೀಲದಲ್ಲಿ ಹಿಂದಿನ ರಾತ್ರಿ ಮೇಜಿಗೆ ಎಣ್ಣೆ ಹಚ್ಚಿದ ಬಟ್ಟೆಗಳಿದ್ದವು. ಚೀಲದ ಹೊರಮೈಗೆ ಅಂಗೈಯ ಹಿಂಭಾಗ ತಾಗಿಸಿದೆ, ಕಾದ ಪಾತ್ರೆಯನ್ನು ಮುಟ್ಟಿದಂತಾಯಿತು. ಅದರ ಪಕ್ಕದಲ್ಲಿಯೇ ಮರದ ಹೊಟ್ಟಿನ ಮೂಟೆಗಳಿದ್ದವು. ಅಂದಿನಿಂದ ನಾನು ಎಲ್ಲರಿಗೂ ಹೇಳುವುದಿಷ್ಟು. ಬಟ್ಟೆಗಳನ್ನು ಹೊರಗೆ, ಹೊತ್ತಿಕೊಳ್ಳುವಂಥದ್ದು ಏನೂ ಇಲ್ಲದ ಕಡೆ, ಒಂದರ ಮೇಲೊಂದು ಬೀಳದಂತೆ ಬಿಡಿಬಿಡಿಯಾಗಿ ಹರಡಿ, ಬಿರುಸಾಗುವವರೆಗೆ ಒಣಗಿಸಬೇಕು. ಅದಕ್ಕೆ ಜಾಗವಿಲ್ಲದಿದ್ದರೆ ನೀರು ತುಂಬಿದ, ಬಿಗಿ ಮುಚ್ಚಳದ ಲೋಹದ ಡಬ್ಬಿಯಲ್ಲಿ ಮುಳುಗಿಸಿಡಬೇಕು. ಇದನ್ನು ಮಾಡುವವರೆಗೆ ಎಣ್ಣೆ ಹಚ್ಚಿದವರ ಕೆಲಸ ಮುಗಿದಿಲ್ಲ ಎಂದೇ ನಿಯಮದಲ್ಲಿ ಬರೆಯಬೇಕು.

ಮೂರನೆಯದು, ಒಬ್ಬರ ಕೆಲಸ ಇನ್ನೊಬ್ಬರ ಕೆಲಸಕ್ಕೆ ತಗಲುವ ಬಗೆ. ಅಸಿಟೋನ್‌ನ ಆವಿ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನ ಚಳಿಯಲ್ಲಿಯೂ ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ ಎಂದ ಮೇಲೆ ಮಾಮೂಲಿ ಕೋಣೆಯ ಬಿಸಿಯಲ್ಲಿ ಹೇಳಬೇಕಾದ್ದೇ ಇಲ್ಲ. ಇಂಥ ದ್ರಾವಕಗಳ ಆವಿ ಗಾಳಿಗಿಂತ ಭಾರವಾದದ್ದು. ಅದು ಕಣ್ಣಿಗೆ ಕಾಣದಂತೆ ನೆಲದ ಮೇಲೆ ಹರಿದು ದೂರದಲ್ಲಿರುವ ಕಿಡಿಯನ್ನು ಮುಟ್ಟಿ, ಬೆಂಕಿಯನ್ನು ತಾನು ಹೊರಟ ಡಬ್ಬಿಯವರೆಗೆ ಹಿಂದಕ್ಕೆ ಕರೆತರಬಲ್ಲದು. ಈ ತುದಿಯಲ್ಲಿ ಬಣ್ಣ ಕೆರೆಯುತ್ತಿರುವವರಿಗೆ ಆ ತುದಿಯಲ್ಲಿ ಗ್ರೈಂಡರ್ ಹಿಡಿದವರ ಪರಿಚಯವೇ ಇರದಿರಬಹುದು. ಆದ್ದರಿಂದ ಕಿಡಿ ಹಾರುವ ಕೆಲಸ ಮತ್ತು ದ್ರಾವಕದ ಕೆಲಸ ಒಂದೇ ಹೊತ್ತಿನಲ್ಲಿ, ಒಂದೇ ಕೋಣೆಯಲ್ಲಿ ನಡೆಯಕೂಡದು. ಬಾಗಿಲಲ್ಲೊಂದು ಹಲಗೆಯಿಟ್ಟು, ಈಗ ಯಾವ ಕೆಲಸ ನಡೆದಿದೆ ಎಂದು ಬರೆದ ನಂತರವೇ ಕೆಲಸ ಆರಂಭಿಸಬೇಕು. ವೆಲ್ಡಿಂಗ್ ಮಾಡುವವರಿಗೆ ಇನ್ನೊಂದು ಎಚ್ಚರಿಕೆ ಬೇಕು. ಕೆಲವು ಬ್ರೇಕ್ ಕ್ಲೀನರ್‌ಗಳಲ್ಲಿ ಕ್ಲೋರಿನ್ ಸೇರಿದ ದ್ರಾವಕಗಳಿರುತ್ತವೆ, ಅವುಗಳಿಂದ ತೊಳೆದ ಲೋಹ ಪೂರ್ತಿ ಆರುವ ಮುನ್ನ ವೆಲ್ಡಿಂಗ್ ಮಾಡಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಸತು ಲೇಪಿಸಿದ ತಗಡನ್ನು ಲೇಪನ ತೆಗೆಯದೆ ವೆಲ್ಡಿಂಗ್ ಮಾಡಿದವರಿಗೆ ಆ ಹೊಗೆಯಿಂದ ಕೆಲವು ಗಂಟೆಗಳ ನಂತರ ಚಳಿಜ್ವರ ಬರಬಹುದು, ಅವರು ಅದನ್ನು ಬೇರೆ ಜ್ವರವೆಂದೇ ತಿಳಿಯುತ್ತಾರೆ. ಲೇಸರ್ ಯಂತ್ರದಲ್ಲಿ ಪಿವಿಸಿ ಪ್ಲಾಸ್ಟಿಕ್ ಕತ್ತರಿಸಿದರೆ ಹೊರಬರುವ ಹೈಡ್ರೋಜನ್ ಕ್ಲೋರೈಡ್ ಅನಿಲ ಶ್ವಾಸಕೋಶವನ್ನೂ ಯಂತ್ರವನ್ನೂ ಕೆಡಿಸುತ್ತದೆ.

ರಕ್ಷಣೆಯ ಸಾಮಗ್ರಿಯ ಬಗ್ಗೆ ಇರುವ ಕುರುಡು ನಂಬಿಕೆಯ ಕುರಿತೂ ಒಂದು ಮಾತು ಹೇಳಲೇಬೇಕು. ಧೂಳು ತಡೆಯುವ ಮುಖಗವಸು ಥಿನ್ನರ್‌ನ ಆವಿಯನ್ನು ತಡೆಯುವುದಿಲ್ಲ, ಅದಕ್ಕೆ ಇದ್ದಿಲು ತುಂಬಿದ ಬೇರೆಯೇ ಕಾರ್ಟ್ರಿಜ್ ಬೇಕು. ನೀಲಿ ನೈಟ್ರೈಲ್ ಕೈಗವಸು ಎಣ್ಣೆ ಗ್ರೀಸಿಗೆ ಒಳ್ಳೆಯದು, ಅಸಿಟೋನ್ ಮಾತ್ರ ಅದರೊಳಗೆ ಬೇಗನೆ ಇಳಿಯುತ್ತದೆ. 1996ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಕರೆನ್ ವೆಟರ್‌ಹಾನ್ ಅವರ ಲ್ಯಾಟೆಕ್ಸ್ ಕೈಗವಸಿನ ಮೇಲೆ ಡೈಮಿಥೈಲ್ ಮರ್ಕ್ಯುರಿ ಎಂಬ ಪಾದರಸದ ವಿಷಕಾರಿ ಸಂಯುಕ್ತದ ಕೆಲವೇ ಹನಿಗಳು ಬಿದ್ದವು. ಅವರು ಆ ಕಾಲದ ಎಚ್ಚರಿಕೆಗಳನ್ನೆಲ್ಲ ಪಾಲಿಸಿದ್ದರು. ಹನಿಗಳು ಕೈಗವಸನ್ನು ದಾಟಿ ಚರ್ಮಕ್ಕಿಳಿದವು, ಮರುವರ್ಷ ಜೂನ್ ತಿಂಗಳಲ್ಲಿ ಅವರು ತೀರಿಕೊಂಡರು. ಅಷ್ಟು ಘೋರವಾದ ವಸ್ತು ನಮ್ಮಂಥವರ ಕಾರ್ಯಾಗಾರಗಳಿಗೆ ಬರುವುದಿಲ್ಲ ನಿಜ, ಆದರೂ ಯಾವ ವಸ್ತುವಿಗೆ ಯಾವ ಕೈಗವಸು ಎಂದು ಕೇಳದೆ ಕೈಗೆ ಸಿಕ್ಕಿದ್ದನ್ನು ಧರಿಸುವುದು ಸಾಲದು ಎಂಬುದಕ್ಕೆ ಆ ಸಾವು ಸಾಕ್ಷಿಯಾಗಿದೆ.

ಕೆಲವು ವಸ್ತುಗಳಿಗೆ ನಿಯಮ ಬರೆಯುವುದಕ್ಕಿಂತ ಪ್ರವೇಶವನ್ನೇ ನಿರಾಕರಿಸುವುದು ಒಳ್ಳೆಯದೆಂದು ನನ್ನ ಸ್ಪಷ್ಟ ಅಭಿಪ್ರಾಯ. ಕೆಲವು ತುಕ್ಕು ತೆಗೆಯುವ ದ್ರಾವಣಗಳಲ್ಲಿರುವ ಹೈಡ್ರೋಫ್ಲೋರಿಕ್ ಆಮ್ಲ ಅಂಥದು. ತೆಳು ದ್ರಾವಣ ಚರ್ಮಕ್ಕೆ ತಾಗಿದಾಗ ಮೊದಲು ನೋವೇ ಆಗದಿರಬಹುದು, ಅಷ್ಟರಲ್ಲಿ ಅದು ಒಳಗಿಳಿದು ದೇಹದ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತಿರುತ್ತದೆ. ಮೀಥಿಲೀನ್ ಕ್ಲೋರೈಡ್ ಇರುವ ಪೇಂಟ್ ರಿಮೂವರ್ ಇನ್ನೊಂದು. ಗಾಳಿಯಾಡದ ಕೋಣೆಯಲ್ಲಿ ಅದರ ಆವಿ ಉಸಿರಾಡಿ ಜನ ಸತ್ತಿದ್ದಾರೆ, ಅಮೆರಿಕದಲ್ಲಿ 2019ರಲ್ಲಿಯೇ ಗ್ರಾಹಕರಿಗೆ ಅಂಥ ರಿಮೂವರ್ ಮಾರುವುದನ್ನು ನಿಷೇಧಿಸಿದರು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಿ ನೋಡೋಣ ಎನ್ನುವವರನ್ನೂ ತಡೆಯಬೇಕು. ಗ್ಯಾಸ್ ಸಿಲಿಂಡರುಗಳು ನಿಂತಂತೆಯೇ ಇರಬೇಕು, ಗೋಡೆಗೆ ಸರಪಳಿಯಿಂದ ಬಿಗಿದಿರಬೇಕು, ಆಮ್ಲಜನಕದ ಕವಾಟಕ್ಕೆ ಎಣ್ಣೆ ಗ್ರೀಸು ತಾಗಕೂಡದು.

ವಿಲೇವಾರಿಯಲ್ಲಿ ಆಗುವ ತಪ್ಪು ಒಂದೇ, ಎಲ್ಲ ಉಳಿಕೆಗಳನ್ನೂ ಒಂದೇ ಕ್ಯಾನಿಗೆ ಸುರಿಯುವುದು. ಬ್ಲೀಚಿಂಗ್ ದ್ರಾವಣಕ್ಕೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅಮೋನಿಯ ಸೇರಿದರೆ ಕ್ಲೋರಮೀನ್ ಎಂಬ ವಿಷಾನಿಲ ಏಳುತ್ತದೆ. ನೈಟ್ರಿಕ್ ಆಮ್ಲದ ಉಳಿಕೆಗೆ ಸ್ಪಿರಿಟ್ಟೋ ಅಸಿಟೋನೋ ಸೇರಿ ಮುಚ್ಚಳ ಬಿಗಿದರೆ ಅನಿಲ ತುಂಬಿ ಡಬ್ಬಿಯೇ ಸಿಡಿಯುತ್ತದೆ. ಹಾಗಾಗಿ ಪ್ರತಿಯೊಂದಕ್ಕೂ ಪ್ರತ್ಯೇಕ ಕ್ಯಾನು, ಅದರ ಮೇಲೆ ಚೀಟಿ, ಯಾರು ಯಾವಾಗ ಏನು ಸುರಿದರು ಎಂಬ ಬರಹ ಇರಬೇಕು. ಚರಂಡಿಗೆ ಏನನ್ನೂ ಬಿಡಬಾರದು.

ಇಷ್ಟೊಂದು ಕಟ್ಟುಪಾಡು ಹಾಕಿದರೆ ಜನ ಬರುವುದೇ ಇಲ್ಲ, ಬಂದವರೆಲ್ಲ ತಿಳಿವಳಿಕೆ ಉಳ್ಳವರೇ ಅಲ್ಲವೇ ಎಂದು ನನ್ನ ಸಹಸದಸ್ಯರಲ್ಲಿ ಕೆಲವರು ಪ್ರಾಮಾಣಿಕವಾಗಿಯೇ ಕೇಳಿದ್ದಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ತನ್ನ ಮೈಮೇಲಿನ ಅಪಾಯವನ್ನು ಒಪ್ಪಿಕೊಳ್ಳುವ ಹಕ್ಕು ತಿಳಿದವರಿಗೆ ಇರಬಹುದು, ಆದರೆ ಪಕ್ಕದ ಮೇಜಿನವರ ಪರವಾಗಿ ಒಪ್ಪಿಕೊಳ್ಳುವ ಹಕ್ಕು ಯಾರಿಗೂ ಇಲ್ಲ. ನಿಯಮ ಮುರಿದವರನ್ನು ಹಿಡಿಯುವುದಕ್ಕಿಂತ ತಪ್ಪು ಒಪ್ಪಿಕೊಂಡವರನ್ನು ಗದರಿಸದಿರುವುದು ಹೆಚ್ಚು ಮುಖ್ಯ ಎಂಬುದನ್ನೂ ಹೇಳಬಯಸುತ್ತೇನೆ. ಚೆಲ್ಲಿದ್ದನ್ನು ಹೇಳಿದರೆ ಎಲ್ಲರ ಮುಂದೆ ಬೈಗುಳ ತಿನ್ನಬೇಕಾಗುತ್ತದೆ ಎಂದು ಅಂಜಿದವರು ಅದರ ಮೇಲೆ ಮರದ ಹೊಟ್ಟು ಎರಚಿ ಸುಮ್ಮನೆ ಹೋಗುತ್ತಾರೆ. ಹೊಟ್ಟಿಗೆ ನೈಟ್ರಿಕ್ ಆಮ್ಲದಂಥದ್ದು ಸೇರಿದರೆ ಅದೇ ಬೆಂಕಿಗೆ ಕಾರಣವಾಗಬಹುದು. ಆಸಿಡ್ ಕಣ್ಣಿಗೆ ಹಾರಿದವರು ತಕ್ಷಣ ಕೂಗಿ ಕರೆಯಬೇಕು, ಹತ್ತಿರವಿದ್ದವರು ಕೈ ಹಿಡಿದು ನಲ್ಲಿಯ ಬಳಿಗೆ ಕರೆದೊಯ್ದು ರೆಪ್ಪೆ ಬಿಡಿಸಿ ಕನಿಷ್ಠ 15 ನಿಮಿಷ ನೀರು ಹಾಯಿಸಬೇಕು, ಆಮೇಲೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಆ ನಲ್ಲಿಯ ದಾರಿಗೆ ಅಡ್ಡವಾಗಿ ಹಲಗೆಗಳನ್ನು ಪೇರಿಸಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ.

ನಮ್ಮ ಕಾರ್ಯಾಗಾರದಲ್ಲಿ ಆ ಬಾಟಲಿಯ ಘಟನೆಯ ನಂತರ ಒಂದು ದಿನ ಬಾಗಿಲು ಮುಚ್ಚಿ ಕಪಾಟನ್ನು ಪೂರ್ತಿ ಬರಿದು ಮಾಡಿದೆವು. ಯಾರು ತಂದರು, ಒಳಗೇನಿದೆ ಎಂದು ಯಾರಿಗೂ ಗೊತ್ತಿಲ್ಲದ ಹನ್ನೊಂದು ಡಬ್ಬಿಗಳು ಸಿಕ್ಕವು. ತಂದಿದ್ದ ಸದಸ್ಯರಲ್ಲಿ ಕೆಲವರು ಬಿಟ್ಟುಹೋಗಿ ವರ್ಷಗಳೇ ಕಳೆದಿದ್ದವು. ಈಗ ಕಪಾಟಿನ ಹೊಣೆ ಪ್ರತಿ ತಿಂಗಳೂ ಒಬ್ಬ ಸದಸ್ಯರ ಮೇಲಿದೆ, ಅವರ ಹೆಸರು ಬಾಗಿಲ ಹಲಗೆಯ ಮೇಲಿರುತ್ತದೆ. ಇಂಥ ಕಾರ್ಯಾಗಾರಗಳನ್ನು ನಡೆಸುವವರು ತಮ್ಮ ಮುಂದಿನ ಸಭೆಯನ್ನು ಸಭಾಂಗಣದಲ್ಲಿ ಸೇರಿಸದೆ, ಕಪಾಟಿನ ಮುಂದೆಯೇ ಸೇರಿಸಿ, ಒಂದೊಂದೇ ಡಬ್ಬಿಯನ್ನು ಹೊರತೆಗೆದು ನೋಡಬೇಕೆಂದು ಕೋರುತ್ತೇನೆ. ಗುರುತು ಸಿಗದ ರಾಸಾಯನಿಕಗಳನ್ನು ಸುರಕ್ಷಿತವಾಗಿ ಒಪ್ಪಿಸುವ ಬಗೆಯ ಕುರಿತು ತಜ್ಞರಿಂದ ತಮ್ಮ ಪತ್ರಿಕೆಯಲ್ಲಿ ಒಂದು ಲೇಖನ ಬರೆಸಿದರೆ ಅನೇಕರಿಗೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಸಮುದಾಯ ಕಾರ್ಯಾಗಾರವೊಂದರ ಸದಸ್ಯ