ಒಂದು ಅಂಕಿ ತಪ್ಪಿದ್ದಕ್ಕೆ

ಸಾಗರ, ಭಾನುವಾರ

ಪುಟ್ಟೀ,

ಮೊನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿ ಅಮ್ಮ ಜ್ವರ ಅಂದುಕೊಂಡಳು. ಜ್ವರ ಅಲ್ಲ ಮಾರಾಯ್ತಿ, ಅವಳು ಹಿಂಡಿ (ಕಂಪ್ರೆಸ್ ಮಾಡಿ) ಚಿಕ್ಕದು ಮಾಡಿದ ಫೈಲಲ್ಲಿ ಒಂದು ಬಿಟ್, ಅಂದರೆ ಒಂದೇ ಒಂದು 0 ಅಥವಾ 1, ಕೆಟ್ಟಿದೆಯಂತೆ ಅಂದೆ. "ಒಂದು ಬಿಟ್ಟಿಗೆ ಎರಡು ರಾತ್ರಿ ನಿದ್ದೆ ಬಿಡ್ತಾರಾ?" ಅಂದಳು. ಬಿಡ್ತಾರೆ. ನಾನೂ ಬಿಟ್ಟಿದ್ದೆ. ಆ ಕಥೆ ನಿನಗೆ ಹೇಳಿರಲಿಲ್ಲ.

ತಂತಿ ಆಫೀಸಿಗೆ ಸೇರಿದ ಹೊಸತು. ತಂತಿಗೆ ಪದದ ಲೆಕ್ಕದಲ್ಲಿ ದುಡ್ಡು. ಕೌಂಟರಿನ ಮುಂದೆ ಜನ ಒಂದೊಂದೇ ಪದ ಹೊಡೆದು ಹಾಕುತ್ತಾ ನಿಂತಿರುತ್ತಿದ್ದರು. ಶುಭಾಶಯದ ತಂತಿಗೆ ಮಾತ್ರ ಆ ಕಷ್ಟ ಇರಲಿಲ್ಲ. ಇಲಾಖೆಯೇ ವಾಕ್ಯಗಳ ಪಟ್ಟಿ ಮಾಡಿತ್ತು. ಮದುವೆಗೊಂದು ನಂಬರ್, ದೀಪಾವಳಿಗೊಂದು, ಪರೀಕ್ಷೆ ಪಾಸಾದರೊಂದು. ನಾವು ನಂಬರ್ ಮಾತ್ರ ಕಳಿಸುತ್ತಿದ್ದೆವು. ಆ ಕಡೆಯವರು ಪಟ್ಟಿ ನೋಡಿ ಇಡೀ ವಾಕ್ಯ ಬರೆದು ಮನೆಗೆ ಮುಟ್ಟಿಸುತ್ತಿದ್ದರು.

ಮೇ ತಿಂಗಳು, ಮದುವೆ ಸೀಸನ್ನು. ತಂತಿ ರಾಶಿ ಬಿದ್ದಿತ್ತು. ಒಂದರಲ್ಲಿ ನಂಬರ್ ತಪ್ಪು ಹೊಡೆದೆ. ಮದುವೆ ಮನೆಗೆ ಪರೀಕ್ಷೆ ಪಾಸಾಗಿದ್ದಕ್ಕೆ ಅಭಿನಂದನೆ ಹೋಯಿತು. ಆ ಹುಡುಗ ಮೂರು ಸಲ ಎಸ್ಸೆಸ್ಸೆಲ್ಸಿ ಡುಮ್ಕಿ ಹೊಡೆದವನಂತೆ. ಹೆಣ್ಣಿನ ಕಡೆಯವರಿಗೆ ಅದು ಗೊತ್ತೇ ಇರಲಿಲ್ಲ! ಯಾವ ಪರೀಕ್ಷೆ, ಏನು ಕಥೆ ಅಂತ ಶುರುವಾದ ಮಾತು ಎಲ್ಲವನ್ನೂ ಹೊರಗೆ ತಂತು. ತಂತಿ ಕಳಿಸಿದ ಸೋದರಮಾವ ವಾರದ ಮೇಲೆ ಬಂದು ಕೌಂಟರಿನ ಮುಂದೆ ಕೂಗಾಡಿದರು. ಮದುವೆಯೇನೋ ಆಯಿತು. ನನಗೆ ಮಾತ್ರ ಎರಡು ರಾತ್ರಿ ನಿದ್ದೆ ಇಲ್ಲ.

ಪೂರ್ತಿ ವಾಕ್ಯ ಹೊಡೆದು ನಡುವೆ ಒಂದು ಅಕ್ಷರ ತಪ್ಪಿದ್ದರೆ ಏನೂ ಆಗುತ್ತಿರಲಿಲ್ಲ. 'ಹ್ಯಾಪಿ ಮ್ಯಾರೀಡ್ ಲೈಪ್' ಅಂತ ಬಂದರೂ ಓದುವವರು ತಾವೇ ಸರಿ ಮಾಡಿಕೊಳ್ಳುತ್ತಾರೆ. ನಂಬರಿಗೆ ಆ ಕಾವಲು ಇಲ್ಲ. ಎಲ್ಲ ಹಿಂಡಿ ತೆಗೆದ ಮೇಲೆ ಉಳಿದದ್ದು ಅಷ್ಟೇ, ಅದೂ ತಪ್ಪಿದರೆ ಹಿಡಿಯಲಿಕ್ಕೆ ಏನಿದೆ? ನಿನ್ನ ಫೈಲಿಗೂ ಆಗಿದ್ದು ಅದೇ ಅಲ್ವಾ? ಹೆಚ್ಚು ಬರುವ ಅಕ್ಷರಕ್ಕೆ ಚಿಕ್ಕ ಕೋಡ್ ಕೊಡುವ ಹಫ್‌ಮನ್ ಕೋಡಾದರೆ ನಾಲ್ಕಾರು ಅಕ್ಷರ ಕೆಟ್ಟು ಸಾಮಾನ್ಯವಾಗಿ ಮತ್ತೆ ದಾರಿಗೆ ಬರುತ್ತೆ, ಇಡೀ ಬರಹವನ್ನು ಒಂದೇ ಸಂಖ್ಯೆಯಾಗಿ ಹಿಂಡುವ ಅರಿತ್‌ಮೆಟಿಕ್ ಕೋಡಿಂಗಿನಲ್ಲಿ ಅಲ್ಲಿಂದ ಮುಂದೆ ಎಲ್ಲ ಹಾಳು ಅಂದೆಯಲ್ಲ, ಅದು ನನಗೆ ಕೂಡಲೇ ಅರ್ಥ ಆಯಿತು. ಜಾಸ್ತಿ ಹಿಂಡಿದ್ದು ಜಾಸ್ತಿ ನಾಜೂಕು.

ನೀನು ಬಿಟ್ಟು ಹೋದ ನೋಟ್ಸನ್ನು ಮಧ್ಯಾಹ್ನ ಓದುತ್ತಾ ಕೂರುತ್ತೇನೆ. ಲೆಕ್ಕಗಳನ್ನು ದಾಟಿಬಿಡ್ತೀನಿ, ಸುಳ್ಳು ಯಾಕೆ ಹೇಳಲಿ. ಆದರೆ 1977ರ ಲೆಂಪೆಲ್ ಮತ್ತು ಜಿವ್ ಅವರ ಹಿಂಡುವ ಉಪಾಯ ಓದಿ ಎದ್ದು ಕೂತೆ. ನಮಗೆ ಇಲಾಖೆ ಪಟ್ಟಿ ಅಚ್ಚು ಹಾಕಿಸಿ ಊರೂರಿಗೆ ಕಳಿಸಬೇಕಿತ್ತು. ಅವರಿಗೆ ಪಟ್ಟಿಯೇ ಬೇಡ. ಇಷ್ಟು ಹಿಂದೆ ಹೋಗು, ಇಷ್ಟು ಅಕ್ಷರ ನಕಲು ಮಾಡು ಅಂದರೆ ಮುಗಿಯಿತು. ಆಗಲೇ ಬಂದ ಮಾತೇ ಪಟ್ಟಿ!

ದಸರಾ ರಜೆಯಲ್ಲಿ ಅಮ್ಮನ ಜೊತೆ ಆಡಿದ ಆಟ ನೆನಪಿದೆಯಾ? ಪೇಪರಿನ ಸಾಲಿನ ಮೇಲೆ ಕಾರ್ಡ್ ಇಟ್ಟು ಒಂದೊಂದೇ ಅಕ್ಷರ ಬಿಡುತ್ತಿದ್ದೆ. 'ಮುಖ್ಯಮಂ' ಕಾಣುತ್ತಿದ್ದ ಹಾಗೇ ಅಮ್ಮ 'ತ್ರಿ' ಅಂದಳು. ಅದು ಮುಗಿದ ಮೇಲೆ ಮುಂದಿನದಕ್ಕೆ ಏಳೆಂಟು ಸಲ ತಪ್ಪಿದಳು. 'ತ್ರಿ'ಯಲ್ಲಿ ಸುದ್ದಿ ಇಲ್ಲ, ಅದರ ಮುಂದಿನದರಲ್ಲಿ ಇದೆ ಅಂದೆ ನೀನು. ಇದೇ ಆಟವನ್ನು, ಸುದ್ದಿಯನ್ನು ಅಳೆಯುವ ಗಣಿತ ಕಟ್ಟಿದ ಕ್ಲಾಡ್ ಶ್ಯಾನನ್ ಇಂಗ್ಲಿಷಿನಲ್ಲಿ ಆಡಿಸಿ, ಅಕ್ಷರಕ್ಕೆ ಸುಮಾರು ಒಂದು ಬಿಟ್ ಅಷ್ಟೇ ನಿಜವಾದ ಸುದ್ದಿ ಅಂತ 1951ರಲ್ಲಿ ಅಂದಾಜು ಮಾಡಿದ್ದರಂತೆ. ನಮ್ಮ ಕನ್ನಡಕ್ಕೆ, ಕಂಪ್ಯೂಟರು ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದು ಚಿಹ್ನೆಗೆ ಮೂರು ಬೈಟ್ (ಎಂಟು ಬಿಟ್ಟಿಗೆ ಒಂದು ಬೈಟ್). 'ಲಕ್ಷ್ಮಿ' ಅನ್ನಲಿಕ್ಕೆ ವ್ಯಂಜನ, ವಿರಾಮ, ಗುಣಿತದ ಗುರುತು ಎಲ್ಲ ಸೇರಿ ಏಳು ಚಿಹ್ನೆ, 21 ಬೈಟ್! ಅದರಲ್ಲೂ ಮೊದಲ ಬೈಟ್ ಯಾವಾಗಲೂ ಅದೇ, ಎರಡನೆಯದಕ್ಕೆ ಎರಡೇ ಆಯ್ಕೆ. ಒಬ್ಬೊಬ್ಬರನ್ನೂ ಕರೆಯುವಾಗ ಊರು, ಕೇರಿ ಎಲ್ಲ ಹೇಳಿ ಆಮೇಲೆ ಹೆಸರು ಕೂಗಿದ ಹಾಗೆ. ಅದನ್ನ ನೀನು ಧಾರಾಳವಾಗಿ ಹಿಂಡು.

ಹಿಂಡಿದ ಮೇಲೆ ಕಾವಲು ಹಾಕು. ಶ್ಯಾನನ್ 1948ರ ಲೇಖನದಲ್ಲಿ ಹಿಂಡುವುದಕ್ಕೂ ಒಂದು ಮಿತಿ, ನಡುವೆ ಬಿಟ್ ಕೆಡಬಹುದಾದ ಗಲಾಟೆಯ ದಾರಿಯಲ್ಲಿ ತಪ್ಪಿಲ್ಲದೆ ಸಾಗಿಸುವುದಕ್ಕೂ ಒಂದು ಮಿತಿ, ಎರಡನ್ನೂ ಹೇಳಿದ್ದಾರೆ. ನೀನು ಮೊದಲರ್ಧದಲ್ಲೇ ಮುಳುಗಿದ್ದೀಯ. ಹ್ಯಾಮಿಂಗ್ ಕೋಡಿನಲ್ಲಿ ನಾಲ್ಕು ಬಿಟ್ಟಿಗೆ ಮೂರು ಬಿಟ್ ಕಾವಲು ಕೂರಿಸುತ್ತಾರೆ, ಒಂದು ತಪ್ಪಿದರೆ ಅದೇ ಕಂಡುಹಿಡಿದು ತಿದ್ದಿಕೊಳ್ಳುತ್ತೆ. ಅಷ್ಟು ಕಷ್ಟಪಟ್ಟು ಉಳಿಸಿದ ಜಾಗ ಮತ್ತೆ ಕೊಡೋದಾ ಅಂತ ನಿನಗೆ ಹೊಟ್ಟೆ ಉರಿಯಬಹುದು. ಮದುವೆ ಗಲಾಟೆ ಆದ ಮೇಲೆ ನಾನು ಪ್ರತಿ ನಂಬರನ್ನೂ ಎರಡು ಸಲ ಹೊಡೆಯುತ್ತಿದ್ದೆ. ಜೊತೆಯವರು ನಗುತ್ತಿದ್ದರು, ನಗಲಿ.

ಈಗ ನನ್ನದೊಂದು ಪ್ರಶ್ನೆ. ಒಂದರ ಕೋಡ್ ಇನ್ನೊಂದರ ಶುರು ಆಗಿರಬಾರದು ಅಂತ ನಿನ್ನ ನೋಟ್ಸಿನಲ್ಲಿದೆ. ತಂತಿಯ ಮೋರ್ಸ್ ಕೋಡಿನಲ್ಲಿ ಇಂಗ್ಲಿಷಿನ 'ಇ' ಅಂದರೆ ಒಂದು ಚುಕ್ಕಿ, 'ಟಿ' ಅಂದರೆ ಒಂದು ಗೆರೆ. ನಡುವೆ ಬಿಡುವು ಕೊಡದಿದ್ದರೆ ಎರಡೂ ಸೇರಿ 'ಎ' ಆಗಿಬಿಡುತ್ತೆ. ಅಂದರೆ ನಾವು ಬಿಡುವನ್ನೂ ಕಳಿಸುತ್ತಿದ್ದೆವು ಅಂತಾಯಿತಲ್ಲ? ಅದಕ್ಕೆ ಎಷ್ಟು ಬಿಟ್ ಲೆಕ್ಕ ಹಾಕಬೇಕು? ಪುರುಸೊತ್ತಾದಾಗ ಬರಿ. ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಟ್ಟಿದ್ದಾಳೆ, ಶುಕ್ರವಾರದ ಬಸ್ಸಿಗೆ ಕೊಡ್ತೀನಿ.

ನಿನ್ನ
ಅಪ್ಪ