ಊರಿನ ನಷ್ಟದ ಪಟ್ಟಿ ಊರಿಗೇ ಬರಲಿ: ವಾರಿಕ್‌ಶೈರ್ ಕೌಂಟಿ ಕೌನ್ಸಿಲ್ ನಾಯಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ನಾಯಕರೇ,

ನಮಸ್ಕಾರ. ನಾನು ನಿಮ್ಮ ಕೌಂಟಿಯ ಮತದಾರ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಇಲ್ಲಿ ವಾಸವಿರುವ ನಮ್ಮಂಥವರಿಗೂ, ಕಾಮನ್‌ವೆಲ್ತ್ ದೇಶದವರು ಅನ್ನುವ ಕಾರಣಕ್ಕೆ, ಇಲ್ಲಿ ಮತ ಹಾಕುವ ಹಕ್ಕಿದೆ. ಆ ಹಕ್ಕಿನಿಂದಲೇ ಈ ಪತ್ರ ಬರೆಯುತ್ತಿದ್ದೇನೆ. ಇದರ ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ಬೇರೆಯಾಗಿ ಬರುತ್ತದೆ. ಕನ್ನಡದಲ್ಲಿ ಬರೆದಿದ್ದು ನಮ್ಮವರಿಗಾಗಿ. ಗೇಡನ್‌ನ ಕಾರು ಕಂಪನಿಯ ಕೆಲಸಕ್ಕೆಂದು ಬಂದು ಲೆಮಿಂಗ್ಟನ್, ವಾರಿಕ್ ಸುತ್ತಮುತ್ತ ಮನೆ ಮಾಡಿಕೊಂಡಿರುವ ಕನ್ನಡಿಗರು ದಿನಾ ಓಡಾಡುವ ದಾರಿಯ ಪಕ್ಕದಲ್ಲೇ ಈ ಕಥೆ ನಡೆದಿದೆ. ಅವರಿಗೂ ಗೊತ್ತಾಗಲಿ.

ನಾನು ಕೇಳುವುದು ಒಂದೇ. 1640ರ ದಶಕದಲ್ಲಿ ಇಂಗ್ಲೆಂಡಿನ ರಾಜ ಮೊದಲನೇ ಚಾರ್ಲ್ಸ್‌ಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧ ನಡೆದಾಗ ಈ ಕೌಂಟಿಯ ಹಳ್ಳಿಗಳ ಜನ ತಾವು ಏನೇನು ಕಳೆದುಕೊಂಡೆವು ಅಂತ ಬರೆಸಿದ ಪಟ್ಟಿಗಳು ಉಳಿದಿವೆ. ಅವನ್ನು ಆಯಾ ಹಳ್ಳಿಗೆ ತಲುಪಿಸಿ. ಗ್ರಂಥಾಲಯದಲ್ಲಿ, ಊರಿನ ಹಾಲ್‌ನಲ್ಲಿ, ಶಾಲೆಯ ಗೋಡೆಯ ಮೇಲೆ, ಎಲ್ಲಾದರೂ ಸರಿ, ಜನರ ಕಣ್ಣಿಗೆ ಬೀಳುವ ಹಾಗೆ ಇಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಆ ಯುದ್ಧದ ನೆನಪಿಗೆ ಇಲ್ಲಿ ಕೊರತೆ ಏನಿಲ್ಲ. ಆದರೆ ನೆನಪೆಲ್ಲ ದೊಡ್ಡವರದು. ವಾರಿಕ್ ಕೋಟೆಗೆ ಹೋದರೆ ಪಾರ್ಲಿಮೆಂಟಿನ ಕಡೆಯ ಲಾರ್ಡ್ ಬ್ರೂಕ್ ಹೆಸರು ಕೇಳುತ್ತೇವೆ. ಕೆನಿಲ್‌ವರ್ತ್‌ಗೆ ಹೋದರೆ 1649ರಲ್ಲಿ ಕೋಟೆ ಒಡೆಸಿದ ಕಥೆ ಸಿಗುತ್ತದೆ. ಸ್ಟ್ರಾಟ್‌ಫರ್ಡ್‌ನಲ್ಲಿ, ರಾಣಿ ಹೆನ್ರಿಯೆಟಾ ಮರಿಯಾ 1643ರ ಜುಲೈನಲ್ಲಿ ಬಂದು ಷೇಕ್ಸ್‌ಪಿಯರನ ಮಗಳ ಮನೆಯಲ್ಲಿ ತಂಗಿದ್ದಳಂತೆ ಅಂತ ಹೇಳುತ್ತಾರೆ. ರಾಡ್ವೇ ಚರ್ಚಿನಲ್ಲಿ ಕ್ಯಾಪ್ಟನ್ ಹೆನ್ರಿ ಕಿಂಗ್ಸ್‌ಮಿಲ್‌ನ ಕಲ್ಲಿನ ಮೂರ್ತಿ ಇದೆ. ಎಡ್ಜ್‌ಹಿಲ್ ಯುದ್ಧದಲ್ಲಿ ಸತ್ತ ಮಗನಿಗಾಗಿ ತಾಯಿ ಬ್ರಿಜೆಟ್ 1670ರಲ್ಲಿ ಮಾಡಿಸಿದ್ದು. ತಾಯಿಯ ದುಃಖ ನಿಜವಾದದ್ದು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಅದೇ ದಿನ, ಅದೇ ಬಯಲಿನಲ್ಲಿ ಸುಮಾರು 1,500 ಜನ ಸತ್ತರು ಅನ್ನುವುದು ಸಾಮಾನ್ಯವಾಗಿ ಹೇಳುವ ಅಂದಾಜು. ಅವರಲ್ಲಿ ಹೆಚ್ಚಿನವರನ್ನು ಗುಂಡಿ ತೋಡಿ ಮುಚ್ಚಿದರು. ಹೆಸರಿಲ್ಲ, ಕಲ್ಲಿಲ್ಲ. ಯುದ್ಧಭೂಮಿಯ ಬಹುಭಾಗ ಇವತ್ತು ಸೇನೆಯ ಮದ್ದುಗುಂಡಿನ ಡಿಪೋದ ಬೇಲಿಯೊಳಗಿದೆ. ಜನಸಾಮಾನ್ಯರಿಗೆ ಒಳಗೆ ಹೋಗುವುದಕ್ಕೂ ಆಗುವುದಿಲ್ಲ.

1642ರ ಆಗಸ್ಟ್ ತಿಂಗಳನ್ನೇ ನೋಡಿ. 20ನೇ ತಾರೀಖು ರಾಜ ಕೊವೆಂಟ್ರಿಗೆ ಬಂದರೆ ಊರಿನವರು ಬಾಗಿಲು ಮುಚ್ಚಿ ಒಳಗೆ ಬಿಡಲಿಲ್ಲ. 22ಕ್ಕೆ ಆತ ನಾಟಿಂಗ್‌ಹ್ಯಾಮ್‌ನಲ್ಲಿ ಯುದ್ಧದ ಬಾವುಟ ಹಾರಿಸಿದ. ಮರುದಿನವೇ ಸೌಥಮ್ ಹತ್ತಿರ ಎರಡು ಕಡೆಯವರೂ ಕೈಕೈ ಮಿಲಾಯಿಸಿದರು. ಸುಗ್ಗಿಯ ಕಾಲ ಅದು. ಹೊಲದಲ್ಲಿ ಫಸಲು, ದಾರಿಯಲ್ಲಿ ಕುದುರೆ ಸವಾರರು. ಇನ್ನೆರಡು ತಿಂಗಳಿಗೆ, ಅಕ್ಟೋಬರ್ 23ರ ಭಾನುವಾರ, ಕೈನ್‌ಟನ್ ಮತ್ತು ರಾಡ್ವೇ ನಡುವಿನ ಬಯಲಿನಲ್ಲಿ ಎರಡೂ ಕಡೆ ಸೇರಿ 25,000ಕ್ಕೂ ಜಾಸ್ತಿ ಸೈನಿಕರು ಎದುರಾದರು. ಇದೇ ಎಡ್ಜ್‌ಹಿಲ್ ಯುದ್ಧ. ಯಾರೂ ಗೆಲ್ಲಲಿಲ್ಲ. ರಾತ್ರಿ ಭಾರಿ ಚಳಿ. ಗಾಯಗೊಂಡವರು ಸುತ್ತಲಿನ ಹಳ್ಳಿಗಳ ಮನೆಗಳಿಗೆ ಬಂದು ಬಿದ್ದರು.

ಆ ಮನೆಗಳಲ್ಲಿ ಮುಂದೇನಾಯಿತು ಅನ್ನುವುದು ಹೆಚ್ಚಿನ ಪುಸ್ತಕಗಳಲ್ಲಿ ಒಂದು ಸಾಲಿಗೆ ಮುಗಿದುಹೋಗುತ್ತದೆ. ಆದರೆ ಹೆಸ್ಟರ್ ವೈಟ್ ಅನ್ನುವ ಒಬ್ಬ ಹೆಂಗಸು ಪಾರ್ಲಿಮೆಂಟಿನ ಅಧಿಕಾರಿಗಳಿಗೆ ಕೊಟ್ಟ ಅರ್ಜಿ ಉಳಿದಿದೆ. ಎಡ್ಜ್‌ಹಿಲ್‌ನಲ್ಲಿ ಗಾಯಗೊಂಡ ಪಾರ್ಲಿಮೆಂಟ್ ಸೈನಿಕರನ್ನು ಆಕೆ ತನ್ನ ಮನೆಯಲ್ಲಿಟ್ಟುಕೊಂಡಳು. ಮೂರು ತಿಂಗಳು ಅವರು ನೋವಿನಲ್ಲಿ ನರಳುತ್ತಾ ಅಲ್ಲೇ ಇದ್ದರು. ಹಗಲು ರಾತ್ರಿ ಅವರ ಪಕ್ಕದಲ್ಲಿ ಕೂತಿದ್ದೇನೆ, ಕೈಯಿಂದ ದುಡ್ಡು ಹಾಕಿ ಅವರಿಗೆ ಬೇಕಾದದ್ದು ತಂದುಕೊಟ್ಟಿದ್ದೇನೆ ಅನ್ನುತ್ತಾಳೆ. ಮೂರು ತಿಂಗಳು ಅಂದರೆ ಅಕ್ಟೋಬರ್ ಕೊನೆಯಿಂದ ಜನವರಿ. ಇಲ್ಲಿನ ಚಳಿಗಾಲ ಪೂರ್ತಿ. ಕೊಳೆತ ಗಾಯದ ಬಟ್ಟೆ ಒಗೆಯಬೇಕು, ಸೌದೆ ಹೊಂದಿಸಬೇಕು, ಗಂಜಿ ಕುಡಿಸಬೇಕು, ಒಬ್ಬೊಬ್ಬರೂ ರಾತ್ರಿ ಕೂಗಿಕೊಂಡಾಗ ಎದ್ದು ಹೋಗಬೇಕು. ಆಸ್ಪತ್ರೆ ಅನ್ನುವುದು ಆ ಯುದ್ಧದಲ್ಲಿ ಹೆಚ್ಚಾಗಿ ಇಂಥ ಹೆಂಗಸರ ಮನೆಯೇ ಆಗಿತ್ತು. ಈಕೆಗೆ ಕೌಂಟಿಯಲ್ಲಿ ಒಂದು ಫಲಕ ಹಾಕಿದರೆ ತಪ್ಪೇನಿಲ್ಲ, ಅಲ್ವಾ?

ಈಗ ಪಟ್ಟಿಯ ವಿಷಯಕ್ಕೆ ಬರುತ್ತೇನೆ. ಖರ್ಚುವೆಚ್ಚದ ಲೆಕ್ಕ ಕೇಳಲು ಪಾರ್ಲಿಮೆಂಟು 1644ರಲ್ಲಿ ಒಂದು ಸಮಿತಿ ಮಾಡಿತು. ವಿಲಿಯಂ ಪ್ರಿನ್ ಅದರ ಮುಖ್ಯಸ್ಥ. ಕೌಂಟಿಗಳಲ್ಲಿ ಅದರ ಉಪಸಮಿತಿಗಳು ಹುಟ್ಟಿಕೊಂಡವು. ನಿಮ್ಮ ಊರಿಂದ ನಮ್ಮ ಸೈನಿಕರು ಏನು ತೆಗೆದುಕೊಂಡರು, ಎಷ್ಟು ತೆರಿಗೆ ಕಟ್ಟಿದಿರಿ, ಎಷ್ಟು ಜನಕ್ಕೆ ಊಟ ಹಾಕಿದಿರಿ, ಬರೆದುಕೊಡಿ ಅಂತ ಹಳ್ಳಿ ಹಳ್ಳಿಗೂ ಕೇಳಿದವು. ವಾರಿಕ್‌ಶೈರ್‌ನ ಹಳ್ಳಿಗಳು ಕೊಟ್ಟ ಉತ್ತರ ದೊಡ್ಡ ರಾಶಿಯಾಗಿ ಉಳಿದಿದೆ. ಮೂಲ ಕಾಗದಗಳು ಲಂಡನ್ನಿನ ಕ್ಯೂ ಅನ್ನುವ ಜಾಗದಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ. ಒಂದು ಕೌಂಟಿಯ ಬದುಕು ಇಷ್ಟು ಹತ್ತಿರದಿಂದ ಕಾಣುವ ಕಾಗದ ಇಂಗ್ಲೆಂಡಿನಲ್ಲಿ ಎಲ್ಲ ಕಡೆ ಸಿಗುವುದಿಲ್ಲ.

ಅದರಲ್ಲಿ ಏನಿದೆ? ಕುದುರೆ ಇದೆ, ಹುಲ್ಲು ಇದೆ, ಓಟ್ಸ್ ಇದೆ. ಅಷ್ಟೇ ಇದ್ದರೆ ಸುಮ್ನೆ ಲೆಕ್ಕದ ಪುಸ್ತಕ ಅನ್ನಬಹುದಿತ್ತು. ಜೊತೆಗೆ ಹಾಸಿಗೆಯ ಬಟ್ಟೆ, ಅಂಗಿ, ಚೀಸ್, ಹಂದಿಮಾಂಸ, ಕೋಳಿ, ಹಿತ್ತಾಳೆಯ ಪಾತ್ರೆ, ತವರದ ತಟ್ಟೆ, ಬೈಬಲ್. ಯಾರ ಮನೆಯಲ್ಲಿ ಎಷ್ಟು ಜನ ಸೈನಿಕರು ಎಷ್ಟು ರಾತ್ರಿ ಉಳಿದರು, ಊಟಕ್ಕೆ ಎಷ್ಟಾಯಿತು, ಕುದುರೆಗಳ ಮೇವಿಗೆ ಎಷ್ಟಾಯಿತು, ಯಾವ ಕ್ಯಾಪ್ಟನ್ನಿನ ಕಡೆಯವರು, ಇದೆಲ್ಲ ಮನೆಯವರ ಹೆಸರಿನ ಜೊತೆ ಬರುತ್ತದೆ. ಶ್ರೀಮಂತನ ಪಕ್ಕದಲ್ಲೇ ವಿಧವೆ ಇದ್ದಾಳೆ, ಕೂಲಿಯವ ಇದ್ದಾನೆ. ಒಂದು ಜೊತೆ ಬಟ್ಟೆ ಹೋದದ್ದನ್ನೂ ಬರೆಸಿದ್ದಾರೆ. ಇರುವುದೇ ಎರಡು ಜೊತೆ ಆದಾಗ ಒಂದು ಹೋದರೆ ಸಣ್ಣ ಮಾತಲ್ಲ.

ಪಟ್ಟಿಯಲ್ಲಿ ಇರುವುದೆಲ್ಲ ತೂಕ ಹಾಕಿದಷ್ಟು ಸರಿ ಅಂತ ನಾನು ಹೇಳುವುದಿಲ್ಲ. ಪರಿಹಾರ ಸಿಗಬಹುದು ಅನ್ನುವ ಆಸೆಯಿಂದ ಕೆಲವರು ಬೆಲೆ ಏರಿಸಿ ಬರೆಸಿರಬಹುದು. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಸಮಿತಿ ಕೇಳಿದ್ದು ಪಾರ್ಲಿಮೆಂಟಿನ ಕಡೆಯ ಸೇನೆ, ಅದರ ಜೊತೆ ಬಂದ ಸ್ಕಾಟ್ ಸೇನೆ ಒಯ್ದದ್ದರ ಬಗ್ಗೆ ಮಾತ್ರ. ರಾಜನ ಕಡೆಯವರು ದೋಚಿದ್ದನ್ನು ಹೇಳಿಕೊಳ್ಳಲು ಅಲ್ಲಿ ಜಾಗವೇ ಇರಲಿಲ್ಲ. ಅಂದರೆ ಇಷ್ಟು ದೊಡ್ಡ ರಾಶಿ ಇದ್ದರೂ ಅದು ನಷ್ಟದ ಒಂದು ಮಗ್ಗುಲು ಅಷ್ಟೇ.

ಇನ್ನೊಂದು ಮಗ್ಗುಲನ್ನು ತಿಳಿಯಬೇಕಾದರೆ ಎಡ್ಜ್‌ಹಿಲ್ ಕೆಳಗಿನ ಟೈಸೋ ಊರನ್ನು ನೋಡಬೇಕು. ಪಕ್ಕದಲ್ಲಿ ಕಾಂಪ್ಟನ್ ವಿನ್‌ಯೇಟ್ಸ್, ರಾಜನ ಕಡೆಯ ನಾರ್ಥ್ಯಾಂಪ್ಟನ್ ಅರ್ಲ್ ಮನೆತನದ ಮಹಲು. 1644ರ ಜೂನ್‌ನಲ್ಲಿ ಪಾರ್ಲಿಮೆಂಟಿನವರು ಅದನ್ನು ಹಿಡಿದು ಒಳಗೆ ಸೈನ್ಯ ಇಟ್ಟರು. ಆ ಸೈನ್ಯದ ಹೊಟ್ಟೆ ತುಂಬಬೇಕಾದ್ದು ಸುತ್ತಲಿನ ಹಳ್ಳಿಗಳು. ಇತ್ತ ಗಡಿ ದಾಟಿದರೆ ಬ್ಯಾನ್‌ಬರಿ ಕೋಟೆ. ಅದು 1642ರ ಅಕ್ಟೋಬರ್ ಕೊನೆಯಿಂದ 1646ರವರೆಗೆ ರಾಜನ ಕೈಯಲ್ಲಿತ್ತು. ಅಲ್ಲಿನ ಸವಾರರೂ ಇದೇ ಹಳ್ಳಿಗಳಿಗೆ ಬಂದು ವಸೂಲಿ ಮಾಡುತ್ತಿದ್ದರು. ಒಬ್ಬರಿಗೆ ಕೊಟ್ಟೆ ಅಂದರೆ ಇನ್ನೊಬ್ಬರು ಬಿಡುತ್ತಿರಲಿಲ್ಲ. ಕೋಣಗಳೆರಡು ಹೋರಾಡಿದರೆ ಗಿಡಕ್ಕೆ ಮಿತ್ತು ಅಂತ ನಮ್ಮ ಹಳೆಯ ಮಾತು ಹೇಳುವುದು ಇಂಥದ್ದನ್ನೇ.

ಈ ನಡುವೆ ಸಿಕ್ಕಿಕೊಂಡವನು ಊರಿನ ಕಾನ್‌ಸ್ಟೆಬಲ್. ಇವತ್ತಿನ ಪೊಲೀಸ್ ಅಂದುಕೊಳ್ಳಬೇಡಿ. ಊರಿನವರಲ್ಲೇ ಒಬ್ಬ, ಸರದಿಯ ಮೇಲೆ ಸಂಬಳವಿಲ್ಲದೆ ಆ ಕೆಲಸ ಮಾಡುತ್ತಿದ್ದ ರೈತನೋ ಕುಶಲಕರ್ಮಿಯೋ. ತೆರಿಗೆ ಎತ್ತುವುದು, ಗಾಡಿ ಕುದುರೆ ಹೊಂದಿಸುವುದು, ಸೈನಿಕರಿಗೆ ಮನೆ ತೋರಿಸುವುದು ಇವನ ತಲೆಗೆ ಬಂತು. ದುಡ್ಡು ಸೇರದಿದ್ದರೆ ಹಿಡಿದುಕೊಂಡು ಹೋಗುವುದು ಇವನನ್ನೇ. ಮರುವರ್ಷ ಇವನು ಮತ್ತೆ ಅದೇ ಜನರ ಪಕ್ಕದಲ್ಲಿ ಉಳಬೇಕು, ಅದೇ ಚರ್ಚಿನಲ್ಲಿ ಕೂರಬೇಕು. ಯಾರ ಕೊಟ್ಟಿಗೆಯಲ್ಲಿ ಕುದುರೆ ಇದೆ ಅಂತ ಸೈನಿಕರಿಗೆ ತೋರಿಸಿದವನನ್ನು ಊರು ಬೇಗ ಮರೆಯುತ್ತದೆಯೇ?

ಸೈನಿಕರೆಲ್ಲ ರಾಕ್ಷಸರು ಅಂತಲೂ ನಾನು ಹೇಳುತ್ತಿಲ್ಲ. ಕಾಲಾಳಿನ ಸಂಬಳ ದಿನಕ್ಕೆ 8 ಪೆನ್ಸ್, ಅದೂ ಕಾಗದದ ಮೇಲೆ. ತಿಂಗಳುಗಟ್ಟಲೆ ಬಾಕಿ. ದುಡ್ಡಿಲ್ಲದ ಸೈನ್ಯ ಊರಿನಲ್ಲಿ ಪುಕ್ಕಟೆ ಉಳಿಯುತ್ತಿತ್ತು. ಹೊರಡುವಾಗ ಕ್ಯಾಪ್ಟನ್ ಒಂದು ಚೀಟಿ ಕೊಡುತ್ತಿದ್ದ, ಮುಂದೆ ಹಣ ಬರುತ್ತದೆ ಅಂತ. ಎಷ್ಟೋ ಚೀಟಿಗಳಿಗೆ ಹಣ ಬರಲೇ ಇಲ್ಲ. ಸೈನಿಕನ ಸಂಬಳ ತಪ್ಪಿಸಿದ ದುಡ್ಡು ಹೀಗೆ ರೈತನ ಅಡುಗೆಮನೆಯಿಂದ ಹೋಯಿತು. ಜೊತೆಗೆ 1643ರ ಜುಲೈನಿಂದ ಬಿಯರಿನ ಮೇಲೆ ಎಕ್ಸೈಸ್, ಆಮೇಲೆ ಮಾಂಸ, ಉಪ್ಪಿನ ಮೇಲೂ ಬಂತು. ಬಡವರ ಮನೆಯಲ್ಲೂ ದಿನಾ ಬೇಕಾದ ಸಾಮಾನು ಇವು.

ಪೇಟೆಗಳ ಪಾಡೂ ಬೇರೆಯಲ್ಲ. ಆಗ ವಾರಿಕ್‌ಶೈರ್‌ಗೇ ಸೇರಿದ್ದ ಬರ್ಮಿಂಗ್‌ಹ್ಯಾಮ್‌ಗೆ 1643ರ ಏಪ್ರಿಲ್ 3ರಂದು ರಾಜನ ಸೋದರಳಿಯ ರಾಜಕುಮಾರ ರೂಪರ್ಟ್ ನುಗ್ಗಿದ. ಈಸ್ಟರ್ ಸೋಮವಾರ. ಸುಮಾರು 80 ಮನೆಗಳು ಸುಟ್ಟುಹೋದವು. 1645ರಲ್ಲಿ ಸ್ಟ್ರಾಟ್‌ಫರ್ಡ್‌ನ ಕ್ಲಾಪ್ಟನ್ ಸೇತುವೆಯ ಒಂದು ಕಮಾನನ್ನು, ರಾಜನ ಸೈನ್ಯ ದಾಟಬಾರದು ಅಂತ ಒಡೆದರು. ಸೈನ್ಯ ಹೇಗೂ ಬೇರೆ ದಾರಿ ಹುಡುಕುತ್ತದೆ. ಸಂತೆಗೆ ದವಸ ತರುವವನು ಏನು ಮಾಡಬೇಕು?

1642ರ ಕ್ರಿಸ್‌ಮಸ್ ಹೊತ್ತಿಗೆ ಎಡ್ಜ್‌ಹಿಲ್ ಮೇಲೆ ಆಕಾಶದಲ್ಲಿ ಯುದ್ಧ ನಡೆಯುತ್ತಿರುವುದು ಕಂಡಿತು, ಕತ್ತಿ ತಮಟೆಗಳ ಸದ್ದು ಕೇಳಿತು ಅಂತ ಕುರುಬರು ಹೇಳಿದ್ದನ್ನು ಮರುತಿಂಗಳು ಲಂಡನ್ನಿನಲ್ಲಿ ಅಚ್ಚು ಹಾಕಿದರು. ಈ ದೆವ್ವದ ಕಥೆ ಇವತ್ತಿಗೂ ಚೆನ್ನಾಗಿ ಓಡುತ್ತದೆ. ಪ್ರವಾಸಿಗಳಿಗೆ ಇಷ್ಟ. ನನಗೆ ಅದರಲ್ಲಿ ಕಾಣುವುದು ಎರಡು ತಿಂಗಳಾದರೂ ನಿದ್ದೆ ಬರದ ಜನ. ದೆವ್ವದ ಜೊತೆಗೆ ಆ ಜನರ ಕಥೆಯನ್ನೂ ಹೇಳಬೇಕು ಅನ್ನುವುದೇ ನನ್ನ ವಾದ.

ನಾಯಕರೇ, ಹೊಸದಾಗಿ ಸಂಶೋಧನೆ ಮಾಡಿಸಿ ಅಂತ ನಾನು ಕೇಳುತ್ತಿಲ್ಲ. ಕಷ್ಟದ ಕೆಲಸ ಆಗಲೇ ನಡೆದಿದೆ. ನಿಮ್ಮದೇ ಕೌಂಟಿ ದಾಖಲೆ ಕಚೇರಿಯ ಸುತ್ತ ಸೇರಿದ ಸ್ವಯಂಸೇವಕರು ಈ ನಷ್ಟದ ಪಟ್ಟಿಗಳನ್ನು ಕೂತು ಓದಿದ್ದಾರೆ. 17ನೇ ಶತಮಾನದ ಮೋಡಿ ಬರವಣಿಗೆಯನ್ನು ಬಿಡಿಸುವುದು ಸುಲಭವಲ್ಲ. ಒಂದು ಪುಟಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಅವರಿಗೆ ಈ ಕೌಂಟಿ ಋಣಿ. ಆದರೆ ಇಂಟರ್‌ನೆಟ್ಟಿನಲ್ಲಿ ಹುಡುಕುವವರಿಗೆ ಮಾತ್ರ ಸಿಕ್ಕರೆ ಸಾಲದು. ಏನಿದೆ ಅಂತಲೇ ಗೊತ್ತಿಲ್ಲದವರು ಹುಡುಕುವುದಾದರೂ ಹೇಗೆ?

ಗ್ರಂಥಾಲಯಗಳು ನಿಮ್ಮ ಕೈಯಲ್ಲಿವೆ. ದಾಖಲೆ ಕಚೇರಿಯೂ ನಿಮ್ಮದು. ಶಾಲೆಗಳ ಜೊತೆ ನಿಮಗೆ ದಿನನಿತ್ಯದ ಸಂಪರ್ಕವಿದೆ. ಪಟ್ಟಿ ಉಳಿದಿರುವ ಒಂದೊಂದು ಹಳ್ಳಿಗೂ ಅದರದ್ದೇ ಪುಟಗಳನ್ನು, ಓದಲು ಬರುವ ಅಕ್ಷರದಲ್ಲಿ, ಒಂದು ಪುಸ್ತಿಕೆ ಮಾಡಿ ಕಳಿಸಿ. ಪ್ಯಾರಿಷ್ ಕೌನ್ಸಿಲ್‌ಗಳಿಗೆ, ಅಂದರೆ ಇಲ್ಲಿನ ಹಳ್ಳಿ ಪಂಚಾಯಿತಿಗಳಿಗೆ, ಬರೆದು ಊರಿನ ಹಾಲ್‌ನಲ್ಲಿ ಒಂದು ಹಲಗೆಗೆ ಜಾಗ ಕೇಳಿ. ಮಕ್ಕಳು ತಮ್ಮ ಬೀದಿಯಲ್ಲಿ 1640ರ ದಶಕದಲ್ಲಿ ಯಾರಿದ್ದರು, ಅವರ ಮನೆಯಿಂದ ಏನು ಹೋಯಿತು ಅಂತ ಓದಲಿ. ನಮ್ಮ ಮಕ್ಕಳೂ ಆ ತರಗತಿಗಳಲ್ಲೇ ಕೂರುತ್ತಾರೆ. ಅವರ ಅಜ್ಜ ಅಜ್ಜಿ ಹಾಸನದಲ್ಲೋ ಧಾರವಾಡದಲ್ಲೋ ಇರಬಹುದು. ಆದರೆ ಅವರು ಬೆಳೆಯುತ್ತಿರುವ ಊರು ಇದು. ರಾಜರ ಹೆಸರಿಗಿಂತ ಪಕ್ಕದ ಮನೆಯವರ ಹೆಸರು ಅವರಿಗೆ ಬೇಗ ಹತ್ತಿರವಾಗುತ್ತದೆ.

ಎಲ್ಲ ಹಳ್ಳಿಗಳಿಗೂ ಒಮ್ಮೆಗೇ ಆಗದಿದ್ದರೆ ಕೈನ್‌ಟನ್, ರಾಡ್ವೇ, ಟೈಸೋ ಸುತ್ತಲಿನಿಂದ ಶುರು ಮಾಡಿ. ಯುದ್ಧದ ವಾರ್ಷಿಕ ದಿನ ಅಕ್ಟೋಬರ್ 23. ಆ ಹೊತ್ತಿಗೆ ಮೊದಲ ಪುಸ್ತಿಕೆಗಳು ಬಂದರೆ ಚೆನ್ನ. ಮಡಚುವುದು, ಹಂಚುವುದು, ಮಕ್ಕಳಿಗೆ ಓದಿ ಹೇಳುವುದು, ಇಂಥ ಕೆಲಸಕ್ಕೆ ನಾನು ಬರುತ್ತೇನೆ. ಇಲ್ಲಿನ ಕನ್ನಡದ ಗೆಳೆಯರನ್ನೂ ಕರೆತರುತ್ತೇನೆ. ನಿಮ್ಮ ಕಚೇರಿಯಿಂದ ಯಾರನ್ನು ಕಾಣಬೇಕು ಅನ್ನುವುದನ್ನು ದಯವಿಟ್ಟು ತಿಳಿಸಿ.

ವಿಶ್ವಾಸದಿಂದ,
ನಿಮ್ಮ ಕೌಂಟಿಯ ಒಬ್ಬ ಕನ್ನಡಿಗ ಮತದಾರ