ನೋವನ್ನು ಆಣೆಯ ಲೆಕ್ಕದಲ್ಲಿ ಕೇಳಿ, ಮೊಬೈಲಿನಲ್ಲಿ ಬರೆದಿಡಿ

ಮಾನ್ಯ ಸಂಪಾದಕರೇ,

ಗುಳೇದಗುಡ್ಡ, ಇಳಕಲ್ಲಿನ ಕುಣಿಮಗ್ಗದಲ್ಲಿ ನಲವತ್ತು ವರ್ಷ ಕೂತು ನೇಯ್ದವರಿಗೆ ಟೊಂಕ ನೋವು, ದಿನಾ ರೊಟ್ಟಿ ಬಡಿದ ಅಜ್ಜಿಯರಿಗೆ ಹೆಗಲು ಮತ್ತು ಮಣಿಕಟ್ಟಿನ ನೋವು, ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಕಸ ತೆಗೆದವರಿಗೆ ಮೊಣಕಾಲ ನೋವು. ಮೂರು ತಿಂಗಳು ದಾಟಿದ ನೋವು ದೀರ್ಘಕಾಲದ ನೋವು, ಅದಕ್ಕೆ ಬೇರೆಯದೇ ಆರೈಕೆ ಬೇಕು. ಈಗ ಪುಣೆಯಲ್ಲೋ ಬೆಂಗಳೂರಲ್ಲೋ ಇರುವ ಮಕ್ಕಳು ಊರಿಗೆ ಬಂದಾಗ ತಂದೆ-ತಾಯಿಯ ಫೋನಿಗೆ ನೋವಿನ ಆ್ಯಪ್ ಹಾಕಿ, ಕೈಗೆ ಸ್ಮಾರ್ಟ್‌ವಾಚ್ ಕಟ್ಟಿ ಹೋಗುತ್ತಾರೆ. ಹದಿನೈದು ದಿನದಲ್ಲಿ ಎರಡೂ ಮೂಲೆ ಸೇರುತ್ತವೆ. ಹಿರಿಯರಿಗೆ ಕಲಿಯಲು ಬರುವುದಿಲ್ಲ ಎಂದು ದೂರುವುದು ತಪ್ಪು. ಆ ಆ್ಯಪ್ ಕೇಳುವ ಪ್ರಶ್ನೆಗಳೇ ಅವರ ಬದುಕಿನವಲ್ಲ.

‘ಸೊನ್ನೆಯಿಂದ ಹತ್ತರೊಳಗೆ ನಿಮ್ಮ ನೋವು ಎಷ್ಟು’ ಎಂದರೆ ಎಪ್ಪತ್ತು ದಾಟಿದ ಬಹಳ ಮಂದಿ ಸುಮ್ಮನೆ ಒಂದು ಅಂಕಿ ಹೇಳಿಬಿಡುತ್ತಾರೆ. ‘ಅಜ್ಜಾರ, ರೂಪಾಯಿದಾಗ ಎಷ್ಟಾಣೆ ನೂಸ್ತೈತ್ರಿ’ ಎಂದು ಕೇಳಿ ನೋಡಿ, ‘ಹನ್ನೆರಡಾಣೆ ಇತ್ತು, ಈಗ ಎಂಟಾಣೆಕ್ಕ ಬಂದೈತಿ’ ಎಂದು ನಿಖರವಾಗಿ ಹೇಳುತ್ತಾರೆ. 1957ರಲ್ಲಿ ಪೈಸೆ ಬಂದರೂ ನಮ್ಮ ಕಡೆಯ ಮಾತಿನಲ್ಲಿ ಆಣೆ ಉಳಿದಿದೆ. ರೂಪಾಯಿಗೆ ಹದಿನಾರಾಣೆ. ವೈದ್ಯರಿಗೆ ಹತ್ತರ ಲೆಕ್ಕವೇ ಬೇಕೆಂದರೆ ಎಂಟಾಣೆ ಎಂದರೆ ಐದು, ಹನ್ನೆರಡಾಣೆ ಎಂದರೆ ಏಳೂವರೆ.

ಇದಕ್ಕೆ ಬೇರೆ ಆ್ಯಪ್ ಬೇಡ. ವಾಟ್ಸ್‌ಆ್ಯಪ್‌ನಲ್ಲಿ ತಮಗೆ ತಾವೇ ಸಂದೇಶ ಕಳಿಸಿಕೊಳ್ಳುವ ಸೌಲಭ್ಯವಿದೆ. ಬೆಳಿಗ್ಗೆ ಎದ್ದಾಗ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ ಧ್ವನಿ ಸಂದೇಶ ಹಾಕಿದರೆ ಸಾಕು: ಎಷ್ಟಾಣೆ ನೋವು, ಯಾವ ಗುಳಿಗೆ ಎಷ್ಟು, ನಿದ್ದೆ ಬಂತೋ ಇಲ್ಲವೋ, ಏನು ಕೆಲಸ ಮಾಡಿದಾಗ ನೋವು ಏರಿತು. ಬೆಳಗಿನ ಸಂದೇಶದಲ್ಲಿ ಕೀಲು ಸಡಿಲಾಗಲು ಎಷ್ಟು ನಿಮಿಷ ಹಿಡಿಯಿತು ಎಂಬುದು ಇರಲೇಬೇಕು. ಕೀಲು ಸವೆತದ ನೋವಿನಲ್ಲಿ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಒಂದು ಗಂಟೆಗೂ ಮೀರಿದರೆ ಉರಿಯೂತದ ಸಂಧಿವಾತವಿರಬಹುದು, ಅದರ ಔಷಧಿಯೇ ಬೇರೆ. ತಾಸಿಗೊಮ್ಮೆ ದಾಖಲಿಸಲು ಹೋಗಬೇಡಿ, ಮನಸ್ಸು ನೋವಿಗೇ ಅಂಟಿಕೊಳ್ಳುತ್ತದೆ. ಎರಡು ವಾರವಾದ ಮೇಲೆ ಮನೆಯವರು ಇದನ್ನೆಲ್ಲ ಕೇಳಿ ಒಂದೇ ಹಾಳೆಗೆ, ದಿನಕ್ಕೊಂದು ಸಾಲಿನಂತೆ ಹದಿನಾಲ್ಕು ಸಾಲು ಇಳಿಸಬೇಕು. ಇಪ್ಪತ್ತೆಂಟು ಧ್ವನಿ ಸಂದೇಶ ಕೇಳುವಷ್ಟು ಪುರಸತ್ತು ಯಾವ ವೈದ್ಯರಿಗೂ ಇರುವುದಿಲ್ಲ.

ಹೆಜ್ಜೆ ಎಣಿಸುವ ಆ್ಯಪ್ ನಂಬಬೇಡಿ. ಅದು ಮೈಯ ಕುಲುಕಾಟದ ಮೇಲೆ ಎಣಿಸುತ್ತದೆ. ಕೋಲೂರಿ ಸಾವಕಾಶ ಕಾಲೆಳೆಯುವವರ ಹೆಜ್ಜೆ ಎಷ್ಟೋ ಸಲ ಲೆಕ್ಕಕ್ಕೇ ಬರುವುದಿಲ್ಲ, ಫೋನು ಗೋಡೆಯ ಮಾಡದಲ್ಲೇ ಉಳಿದರಂತೂ ಮುಗಿಯಿತು. ಬದಲಿಗೆ ಗಡಿಯಾರದ ಟೈಮರ್ ಇಡಿ. ಇಪ್ಪತ್ತು ನಿಮಿಷ ನಡೆದಾಗ ನೋವು ಏರುತ್ತಿದ್ದರೆ ಹದಿನೈದಕ್ಕೇ ನಿಲ್ಲಿ, ವಾರಕ್ಕೊಂದೆರಡು ನಿಮಿಷ ಹೆಚ್ಚಿಸಿ. ಹನ್ನೆರಡನೇ ರೊಟ್ಟಿಗೆ ಹೆಗಲು ಹಿಡಿಯುತ್ತಿದ್ದರೆ ಎಂಟಕ್ಕೇ ಎದ್ದು ಐದು ನಿಮಿಷ ಕೈ ಬಿಡಿ. ನೋವು ಕಡಿಮೆ ಇದ್ದ ದಿನ ಎಲ್ಲ ಕೆಲಸವನ್ನೂ ಮುಗಿಸಲು ಹೋಗಿ ಮರುದಿನದಿಂದ ಹಾಸಿಗೆ ಹಿಡಿಯುವುದೇ ಬಹಳ ಮಂದಿಯ ತೊಂದರೆ. ಎಳ್ಳಮಾವಾಸ್ಯೆಗೆ ಸಜ್ಜಿ ರೊಟ್ಟಿ ಬಡಿಯುವ ವಾರದಲ್ಲಿ ಇದು ಎದ್ದು ಕಾಣುತ್ತದೆ.

ಮೊಣಕಾಲಿಗೆ ಒಂದು ವ್ಯಾಯಾಮವಂತೂ ತಪ್ಪದೆ ಮಾಡಿ. ಕಾಲು ಚಾಚಿ ಕೂತು, ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಐದು ಸೆಕೆಂಡ್ ಒತ್ತಿ ಬಿಡಬೇಕು. ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಉಸಿರು ಕಟ್ಟಬಾರದು. ಮರುದಿನ ಬೆಳಿಗ್ಗೆಯೂ ನೋವು ಮೊದಲಿಗಿಂತ ನಾಲ್ಕಾಣೆ ಹೆಚ್ಚೇ ಇದ್ದರೆ ಎಣಿಕೆಯನ್ನು ಅರ್ಧಕ್ಕಿಳಿಸಿ, ಪೂರ್ತಿ ಬಿಡಬೇಡಿ. ವಿಡಿಯೊ ಕರೆಯಲ್ಲಿ ಇದನ್ನು ಫಿಸಿಯೋಥೆರಪಿಯವರಿಗೆ ತೋರಿಸುವಾಗ ಬಾಗಿಲಿಗೆ ಬೆನ್ನು ಮಾಡಿ ಕೂತರೆ ಬರೀ ಕಪ್ಪು ನೆರಳು ಕಾಣುತ್ತದೆ. ಬೆಳಕು ಮುಖದ ಕಡೆ ಇರಲಿ. ನೀರು ತುಂಬಿದ ಚರಿಗೆಗೆ ಫೋನು ಆನಿಸಿ, ಆರೇಳು ಅಡಿ ದೂರದಿಂದ, ಪಕ್ಕದಿಂದ ಹಿಡಿಯಲಿ.

ಒರಟಾದ, ಒಣಗಿದ ಬೆರಳು ಪರದೆಗೆ ಹತ್ತುವುದಿಲ್ಲ, ಒದ್ದೆ ಬಟ್ಟೆಗೆ ಒಮ್ಮೆ ಒರೆಸಿಕೊಳ್ಳಿ. ಗಂಟು ಬಿದ್ದ ಬೆರಳು ಬೇಗ ಎತ್ತಲು ಬಾರದೆ ಒತ್ತಿಯೇ ಇರುವುದರಿಂದ ಬೇರೇನೋ ತೆರೆದುಕೊಳ್ಳುತ್ತದೆ. ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಯಲ್ಲಿ ಒತ್ತಿ ಹಿಡಿಯುವ ಅವಧಿಯನ್ನು ಹೆಚ್ಚು ಮಾಡಿಕೊಡಿ. ಗುಳಿಗೆಯ ನೆನಪಿಗೆ ಆ್ಯಪ್‌ಗಿಂತ ಫೋನಿನದೇ ಅಲಾರಂ ವಾಸಿ. ಬ್ಯಾಟರಿ ಉಳಿಸುವ ವ್ಯವಸ್ಥೆ ಆ್ಯಪ್‌ಗಳನ್ನು ಮಲಗಿಸಿಬಿಡುತ್ತದೆ.

ಸರ್ಕಾರದ ಇ-ಸಂಜೀವಿನಿಯಲ್ಲಿ ವೈದ್ಯರನ್ನು ವಿಡಿಯೊದಲ್ಲಿ ಉಚಿತವಾಗಿ ಕಾಣಬಹುದು. ಮೊಬೈಲ್ ಸಂಖ್ಯೆಗೆ ಒಟಿಪಿ ಬರುತ್ತದೆ, ಟೋಕನ್ ಪಡೆದು ಕಾಯಬೇಕು, ಕೊನೆಗೆ ಔಷಧಿ ಚೀಟಿ ಫೋನಿಗೇ ಬರುತ್ತದೆ. ಊರಲ್ಲಿಲ್ಲದ ಮಗನ ಸಂಖ್ಯೆ ಕೊಟ್ಟರೆ ಒಟಿಪಿ ಅಲ್ಲಿಗೆ ಹೋಗಿ ಕೆಲಸ ಕೆಡುತ್ತದೆ. ಬಿಪಿ, ಸಕ್ಕರೆ, ಮೂತ್ರಪಿಂಡದ ಗುಳಿಗೆಗಳ ಚೀಟಿಯ ಫೋಟೊ ಮೊದಲೇ ತೆಗೆದಿಟ್ಟು ತೋರಿಸಿ. ಬಿಪಿ ಗುಳಿಗೆ, ಮೂತ್ರ ಹೆಚ್ಚಿಸುವ ಗುಳಿಗೆಗಳ ಜೊತೆಗೆ ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಎಂಬ ನೋವಿನ ಗುಳಿಗೆ ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಟ್ರಾಮಡಾಲ್ ಎಂಬ ಬಲವಾದ ನೋವಿನ ಗುಳಿಗೆ 2018ರಿಂದ ಮಾದಕವಸ್ತು ಕಾಯ್ದೆಯಡಿ ಇದೆ, 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ಅದನ್ನು ಫೋನಿನಲ್ಲಿ ಬರೆದುಕೊಡುವಂತಿಲ್ಲ. ಕೊಡಲಿಲ್ಲವೆಂದು ವೈದ್ಯರ ಮೇಲೆ ಸಿಟ್ಟಾಗಬೇಡಿ. ನೋವಿನ ಜೊತೆ ನಿದ್ದೆಯಿಲ್ಲ, ಯಾರೂ ಬೇಡ ಎನ್ನಿಸುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಆದರೆ ಬಿದ್ದ ಮೇಲೆ ಕಾಲೂರಲು ಆಗದಿರುವುದು, ಟೊಂಕನೋವಿನ ಜೊತೆ ಮೂತ್ರ ಕಟ್ಟುವುದು ಅಥವಾ ತೊಡೆಸಂದಿ ಮರಗಟ್ಟುವುದು, ಜ್ವರದೊಡನೆ ಒಂದೇ ಕೀಲು ಕೆಂಪಾಗಿ ಊದುವುದು, ಎದೆಯಿಂದ ಎಡಗೈಗೆ ಇಳಿಯುವ ನೋವು, ಇವುಗಳಿಗೆ ವಿಡಿಯೊ ಕರೆ ಬೇಡ. 108ಕ್ಕೆ ಕರೆ ಮಾಡಿ.

ಜಿಲ್ಲಾ ಆರೋಗ್ಯ ಇಲಾಖೆಗೆ ನಮ್ಮ ವಿನಂತಿ ಇಷ್ಟೇ. ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳು ಇ-ಸಂಜೀವಿನಿಗೆ ಜೋಡಿಸಿಕೊಡುತ್ತಾರೆ. ಅಲ್ಲಿ ಹಿರಿಯರ ನೋವಿಗಾಗಿಯೇ ವಾರಕ್ಕೊಂದು ಮಧ್ಯಾಹ್ನ ಮೀಸಲಿಡಲಿ. ಆಣೆ ಲೆಕ್ಕದ ಹದಿನಾಲ್ಕು ಸಾಲಿನ ಹಾಳೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಆಶಾ ಕಾರ್ಯಕರ್ತೆಯರ ಕೈಗೆ ಕೊಡಲಿ. ಮೀಸಲಿಟ್ಟ ದಿನ ಸಂತೆಯ ದಿನವೇ ಆದರೆ ಒಳ್ಳೆಯದು, ಹಳ್ಳಿಯಿಂದ ಟಂಟಂ ಆಟೊ ಹೇಗಿದ್ದರೂ ಬರುತ್ತದೆ.

– ಹಿರಿಯರ ಆರೈಕೆಯಲ್ಲಿ ತೊಡಗಿರುವ ಫಿಸಿಯೋಥೆರಪಿಸ್ಟರು, ಬಾಗಲಕೋಟೆ